ಕೋಟೆ ಏರಿದ ಕ್ಯಾಮೆರಾ: ಕೊಳ್ಳುವುದೋ, ಬಾಡಿಗೆಗೆ ತರುವುದೋ?

ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡಿತು. ತ.ರಾ.ಸುಬ್ಬರಾಯರ ಮೂರು ಕಾದಂಬರಿಗಳನ್ನು ಬೆಸೆದು ಮಾಡಿದ ಆ ಚಿತ್ರದಿಂದಾಗಿ ಚಿತ್ರದುರ್ಗದ ಕಲ್ಲಿನ ಕೋಟೆ ನಾಡಿನ ಮನೆಮನೆಗೂ ಪರಿಚಯವಾಯಿತು. ರಾಮಾಚಾರಿಯನ್ನು, ಚಾಮಯ್ಯ ಮೇಷ್ಟರನ್ನು, ಒನಕೆ ಹಿಡಿದು ನಿಂತ ಓಬವ್ವನನ್ನು ಮರೆತವರಿಲ್ಲ. ಇವರನ್ನೆಲ್ಲ ಸೆರೆಹಿಡಿದ ಛಾಯಾಗ್ರಾಹಕ ಚಿಟ್ಟಿಬಾಬು ಅವರ ಹೆಸರು ಬಲ್ಲವರು ಕಡಿಮೆ. ಇನ್ನು ಆ ಕ್ಯಾಮೆರಾ ಯಾರದು, ಚಿತ್ರೀಕರಣ ಮುಗಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂದು ಕೇಳಿದವರಂತೂ ಇರಲಿಕ್ಕಿಲ್ಲ.

ಸಿನಿಮಾ ತೆಗೆಯುವಂಥ 35 ಎಂ.ಎಂ. ಕ್ಯಾಮೆರಾವನ್ನು ಆ ಕಾಲದಲ್ಲಿ ಚಿತ್ರದುರ್ಗದಲ್ಲಿ ಯಾರಾದರೂ ಇಟ್ಟುಕೊಳ್ಳಲು ಕಾರಣವೇ ಇರಲಿಲ್ಲ. ಊರಿನ ಸ್ಟುಡಿಯೋಗಳಲ್ಲಿ ಇದ್ದುದು ಮದುವೆಯ ಗುಂಪು ಫೋಟೊ, ಶಾಲೆಯ ಫೋಟೊ ತೆಗೆಯುವ ಪೆಟ್ಟಿಗೆಗಳು. ಸಿನಿಮಾದ ಕ್ಯಾಮೆರಾ ಹೊರಗಿನಿಂದ ವ್ಯಾನಿನಲ್ಲಿ ಬರುತ್ತಿತ್ತು. ಕೋಟೆಯ ಬಾಗಿಲಲ್ಲಿ ಇಳಿದು ಆಳುಗಳ ಹೆಗಲೇರುತ್ತಿತ್ತು. ಕೆಲಸ ಮುಗಿದೊಡನೆ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಈಗ ಹಾಗಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಯಾವ ಊರಿನ ಕಲ್ಯಾಣ ಮಂಟಪಕ್ಕೆ ಹೋದರೂ ಅಲ್ಲಿ ವರನ ಮುಂದೆ ಹಿಂದೆ ಓಡಾಡುವ ಹುಡುಗರ ಕೈಯಲ್ಲಿರುವ ಕ್ಯಾಮೆರಾದಿಂದ ಕಥಾಚಿತ್ರವೊಂದನ್ನು ತೆಗೆಯಲು ತಾಂತ್ರಿಕವಾಗಿ ಅಡ್ಡಿಯೇನೂ ಇಲ್ಲ. ಕಿರುಚಿತ್ರ, ಹಾಡಿನ ವಿಡಿಯೊ, ಸಾಕ್ಷ್ಯಚಿತ್ರ ಎಂದು ಹೊರಡುವವರು ಈಗ ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ಅವರೆಲ್ಲರಿಗೂ ಮೊದಲು ಎದುರಾಗುವುದು ಒಂದೇ ಪ್ರಶ್ನೆ. ಸಾಲ ಮಾಡಿಯಾದರೂ ಕ್ಯಾಮೆರಾ ಕೊಂಡುಬಿಡುವುದೇ, ಬೇಕಾದಾಗ ಬೆಂಗಳೂರಿನಿಂದ ಬಾಡಿಗೆಗೆ ತರುವುದೇ?

ಇದು ಅಭಿರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಲೆಕ್ಕ ತಪ್ಪಿದರೆ ಕೈಬಿಡುವುದು ಮಗನ ಹಟಕ್ಕೆಂದು ಅಪ್ಪ ತೆಂಗಿನ ತೋಟದ ಮೇಲೆ ಎತ್ತಿದ ಸಾಲದ ಹಣ. ಕ್ಯಾಮೆರಾದ ಬೆಲೆ ಎಷ್ಟು ಎಂಬಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು. ವರ್ಷದಲ್ಲಿ ಎಷ್ಟು ದಿನ ಅದು ಮನೆಯ ಹೊಸಿಲು ದಾಟುತ್ತದೆ, ಬಾಡಿಗೆಯದಾದರೆ ಎಷ್ಟು ದೂರದಿಂದ ಬರಬೇಕು ಎಂಬ ಎರಡು ಸಂಗತಿಗಳನ್ನು ಸೇರಿಸಿದಾಗಲೇ ಲೆಕ್ಕ ಪೂರ್ತಿಯಾಗುವುದು.

ಬಾಡಿಗೆಯಿಂದಲೇ ಹುಟ್ಟಿದ ಚಿತ್ರರಂಗ

ಕನ್ನಡ ಚಿತ್ರರಂಗ ಕಣ್ಣು ಬಿಟ್ಟದ್ದೇ ಅನ್ಯರ ಉಪಕರಣಗಳ ನೆರವಿನಿಂದ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ ಬೆಂಗಳೂರಿನವರು, ನಟರು ಕನ್ನಡ ರಂಗಭೂಮಿಯವರು. ಆದರೆ ಚಿತ್ರ ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಗ ಮೈಸೂರು ಸಂಸ್ಥಾನದಲ್ಲಿ ಮಾತಿನ ಚಿತ್ರ ತೆಗೆಯುವ ಸಲಕರಣೆಯೇ ಇರಲಿಲ್ಲ. ಆನಂತರದ ದಶಕಗಳಲ್ಲಿ ಕನ್ನಡದ ನಿರ್ಮಾಪಕರು ಮದರಾಸಿಗೆ ಹೋದದ್ದೂ ಇದೇ ಕಾರಣಕ್ಕೆ. ಸ್ಟುಡಿಯೋದ ಅಂಗಣವನ್ನು ದಿನದ ಲೆಕ್ಕದಲ್ಲಿ ಹಿಡಿದರೆ ಅದರೊಂದಿಗೆ ಕ್ಯಾಮೆರಾ, ದೀಪ, ಧ್ವನಿ ಮುದ್ರಿಸುವ ಯಂತ್ರ ಎಲ್ಲವೂ ದೊರೆಯುತ್ತಿದ್ದವು. ಮದುವೆಗೆ ಛತ್ರ ಹಿಡಿದರೆ ಪಾತ್ರೆ ಪರಡಿಯೂ ಸೇರಿ ಬಂದ ಹಾಗೆ.

ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ 1950ರ ದಶಕದಲ್ಲಿ, ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ 1960ರ ದಶಕದಲ್ಲಿ ಆರಂಭವಾದ ಮೇಲೆ ಕೆಲವು ಚಿತ್ರಗಳು ನಾಡಿನಲ್ಲೇ ತಯಾರಾಗತೊಡಗಿದವು. ನಿರ್ದೇಶಕರು ಅಂಗಣ ಬಿಟ್ಟು ಮಲೆನಾಡು, ಕರಾವಳಿ, ದುರ್ಗದ ಬಂಡೆಗಳತ್ತ ಮುಖ ಮಾಡಿದಾಗ ಹೊಸದೊಂದು ಉದ್ಯೋಗ ಬೆಳೆಯಿತು. ಚಿತ್ರರಂಗದವರು ಅದನ್ನು ‘ಔಟ್‌ಡೋರ್ ಯೂನಿಟ್’ ಎನ್ನುತ್ತಾರೆ. ಕ್ಯಾಮೆರಾ, ಲೆನ್ಸುಗಳು, ಟ್ರಾಲಿ, ದೀಪ, ಜನರೇಟರು, ಇವನ್ನೆಲ್ಲ ಹೊತ್ತ ವ್ಯಾನು, ಜೊತೆಗೆ ಅವುಗಳ ಗುಣ ಬಲ್ಲ ನಾಲ್ಕಾರು ಕೆಲಸಗಾರರು ಎಲ್ಲ ಸೇರಿದರೆ ಒಂದು ಯೂನಿಟ್. ನಿರ್ಮಾಪಕ ದಿನಕ್ಕಿಷ್ಟು ಎಂದು ಬಾಡಿಗೆ ಕೊಡುತ್ತಾನೆ; ಕೆಲಸಗಾರರ ಬಾಟಾ, ಊಟ, ವಸತಿ ಪ್ರತ್ಯೇಕ.

ಇದ್ದಕ್ಕಿದ್ದಂತೆ ಕೈಕೊಡುವ ಯಂತ್ರದ ಜೊತೆಯಲ್ಲಿ ಅದನ್ನು ಬಲ್ಲವನೂ ಬರುತ್ತಾನೆ ಎಂಬುದು ಬಾಡಿಗೆಯ ದೊಡ್ಡ ಲಾಭ. ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯದ ಲಾಭವೂ ಇದೇ. ಪೆಟ್ಟಿಗೆ ಹೊರುವ ಹುಡುಗನಾಗಿ ಯೂನಿಟ್ ಸೇರಿ, ಫೋಕಸ್ ಹಿಡಿಯುವವನಾಗಿ, ಕೊನೆಗೆ ಛಾಯಾಗ್ರಾಹಕನೇ ಆದವರು ದಕ್ಷಿಣದ ಚಿತ್ರರಂಗಗಳಲ್ಲಿ ಅಪರೂಪವೇನಲ್ಲ.

ಹಾಗಾದರೆ ಕ್ಯಾಮೆರಾ ಕೊಂಡವರು ಯಾರು? ಬಿ.ಎಸ್. ರಂಗಾ ಅವರ ಉದಾಹರಣೆ ಇಲ್ಲಿ ಉಪಯುಕ್ತ. ಛಾಯಾಗ್ರಾಹಕರಾಗಿ ವೃತ್ತಿ ಆರಂಭಿಸಿದ ಅವರು ನಿರ್ಮಾಪಕ, ನಿರ್ದೇಶಕರಾಗಿ ಬೆಳೆದು ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋ ನಡೆಸಿದರು. ಬೆಂಗಳೂರಿನಲ್ಲಿ ವರ್ಣ ಸಂಸ್ಕರಣಾಲಯ ಸ್ಥಾಪಿಸಿದರು. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ (1964) ಅವರದೇ. ಸ್ಟುಡಿಯೋ ಎಂಬುದು ಒಡೆಯನ ಚಿತ್ರ ಇಲ್ಲದ ದಿನ ಬೇರೆಯವರ ಚಿತ್ರಕ್ಕೆ ದುಡಿಯುವ ವ್ಯವಸ್ಥೆ. ಚಿತ್ರರಂಗದಲ್ಲಿ ದೊಡ್ಡ ಉಪಕರಣ ಕೊಂಡು ಉಳಿದವರೆಲ್ಲ ಬಹುಮಟ್ಟಿಗೆ ಹೀಗೆಯೇ: ತಮಗಾಗಿ ಕೊಂಡವರಲ್ಲ, ಇತರರಿಗೆ ಬಾಡಿಗೆಗೆ ಕೊಡಲು ಕೊಂಡವರು.

ಇದರ ತುತ್ತತುದಿ ಅಮೆರಿಕದ ಪ್ಯಾನವಿಷನ್ ಕಂಪನಿ. 1950ರ ದಶಕದಲ್ಲಿ ಲೆನ್ಸುಗಳಿಂದ ಆರಂಭವಾದ ಈ ಕಂಪನಿ ಮುಂದೆ ತಾನು ತಯಾರಿಸಿದ ಸಿನಿಮಾ ಕ್ಯಾಮೆರಾಗಳನ್ನು ಮಾರಾಟಕ್ಕೇ ಇಡಲಿಲ್ಲ. ಹಾಲಿವುಡ್‌ನ ಎಷ್ಟೇ ದೊಡ್ಡ ನಿರ್ಮಾಪಕನಾದರೂ ಬಾಡಿಗೆಗೆ ಒಯ್ದು ಹಿಂದಿರುಗಿಸಬೇಕು. ಅಷ್ಟು ಹಣವಿದ್ದವರೇ ಬಾಡಿಗೆ ಕೊಡುವಾಗ ನಮ್ಮವರು ಕೊಳ್ಳಲು ಅವಸರ ಪಡುವುದೇಕೆ ಎಂದು ಕೇಳಬಹುದು. ಅದಕ್ಕೂ ಉತ್ತರವಿದೆ, ಮುಂದೆ ಬರುತ್ತದೆ.

ರೀಲು ಹೋಯಿತು, ಲೆಕ್ಕ ಬದಲಾಯಿತು

ರೀಲಿನ ಕಾಲದ ಕ್ಯಾಮೆರಾ ಮೂಲತಃ ಒಂದು ಗಡಿಯಾರದಂಥ ಯಂತ್ರ. ಫಿಲ್ಮನ್ನು ಸೆಕೆಂಡಿಗೆ 24 ಬಾರಿ ಎಳೆದು, ನಿಲ್ಲಿಸಿ, ಬೆಳಕು ತೋರಿಸಿ, ಮತ್ತೆ ಎಳೆಯುವುದು ಅದರ ಕೆಲಸ. ಜರ್ಮನಿಯ ಆರಿ ಕಂಪನಿ 1937ರಲ್ಲಿ ಹೊರತಂದ ಆರಿಫ್ಲೆಕ್ಸ್ ಕ್ಯಾಮೆರಾದಲ್ಲಿ ಛಾಯಾಗ್ರಾಹಕ ಲೆನ್ಸಿನ ಮೂಲಕವೇ ದೃಶ್ಯವನ್ನು ನೋಡಬಹುದಿತ್ತು. ಅದೇ ವಂಶದ ‘2ಸಿ’ ಮಾದರಿ ಭಾರತದಲ್ಲಿ ಹಲವು ದಶಕ ದುಡಿಯಿತು. ಹಗುರ, ಗಟ್ಟಿಮುಟ್ಟು, ಆದರೆ ಸದ್ದು ವಿಪರೀತ. ಚಿತ್ರೀಕರಣದ ವೇಳೆ ಮಾತು ಮುದ್ರಿಸಿದರೂ ಉಪಯೋಗಕ್ಕೆ ಬಾರದೆ ನಟರು ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಎಲ್ಲ ಸಂಭಾಷಣೆಯನ್ನು ಮತ್ತೆ ಹೇಳುವ ಪದ್ಧತಿ ನಮ್ಮಲ್ಲಿ ಬೇರೂರಲು ಈ ಸದ್ದೂ ಒಂದು ಕಾರಣ.

ಅಂಥ ಕ್ಯಾಮೆರಾ ಮೂವತ್ತು ವರ್ಷ ಹಳೆಯದಾದರೂ ಚಿತ್ರದ ಗುಣಮಟ್ಟ ಕುಂದುತ್ತಿರಲಿಲ್ಲ. ಇಲ್ಲೇ ಮುಖ್ಯವಾದ ಸಂಗತಿ ಇರುವುದು. ಆಗ ಬಿಂಬ ಮೂಡುತ್ತಿದ್ದುದು ಕ್ಯಾಮೆರಾದಲ್ಲಲ್ಲ, ಫಿಲ್ಮಿನ ಮೇಲೆ. ಫಿಲ್ಮ್ ಕಂಪನಿ ಹೆಚ್ಚು ಸೂಕ್ಷ್ಮವಾದ, ಹೆಚ್ಚು ಬಣ್ಣ ಹಿಡಿಯುವ ಹೊಸ ಫಿಲ್ಮ್ ತಂದರೆ ಅದನ್ನು ಹಳೆಯ ಕ್ಯಾಮೆರಾಕ್ಕೆ ತುಂಬಿದರೆ ಸಾಕು, ಕ್ಯಾಮೆರಾವೂ ಹೊಸದಾದಂತೆ. ಡಿಜಿಟಲ್ ಕ್ಯಾಮೆರಾದಲ್ಲಿ ಬಿಂಬ ಮೂಡುವುದು ಸೆನ್ಸರ್ ಎಂಬ ಬಿಲ್ಲೆಯ ಮೇಲೆ. ಆ ಬಿಲ್ಲೆ ಕ್ಯಾಮೆರಾದ ಹೊಟ್ಟೆಯಲ್ಲೇ ಬೆಸುಗೆಯಾಗಿದೆ. ಉತ್ತಮ ಸೆನ್ಸರ್ ಬೇಕೆಂದರೆ ಇಡೀ ಕ್ಯಾಮೆರಾ ಬದಲಿಸಬೇಕು. ರೀಲಿನ ಕ್ಯಾಮೆರಾ ಮಗನ ಕಾಲಕ್ಕೂ ಉಳಿಯುವ ಆಸ್ತಿಯಾಗಿತ್ತು. ಡಿಜಿಟಲ್ ಕ್ಯಾಮೆರಾ ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳುವ ಸರಕು.

ಇನ್ನೊಂದು ವ್ಯತ್ಯಾಸ ಖರ್ಚಿನದು. 400 ಅಡಿಯ ಒಂದು ರೀಲು 4 ನಿಮಿಷ 26 ಸೆಕೆಂಡಿನಲ್ಲಿ ಓಡಿ ಮುಗಿಯುತ್ತಿತ್ತು. ‘ನಾಗರಹಾವು’ ಚಿತ್ರದ ಪ್ರಣಯಗೀತೆಯನ್ನು ನಿಧಾನಗತಿಯಲ್ಲಿ ತೆಗೆದದ್ದು ಆ ಕಾಲಕ್ಕೆ ಹೊಸತು. ಪರದೆಯ ಮೇಲೆ ನಿಧಾನ ಕಾಣಬೇಕಾದರೆ ಕ್ಯಾಮೆರಾ ವೇಗವಾಗಿ ಓಡಬೇಕು. ಸೆಕೆಂಡಿಗೆ 24ರ ಬದಲು 48 ಚಿತ್ರ ತೆಗೆದರೆ ಅದೇ ರೀಲು 2 ನಿಮಿಷ 13 ಸೆಕೆಂಡಿಗೇ ಖಾಲಿ. ನಾಯಕ ನಾಯಕಿಯರು ತೇಲಿದಂತೆ ಓಡಿಬರುವ ಪ್ರತಿ ಕ್ಷಣಕ್ಕೂ ಎರಡು ಪಟ್ಟು ಫಿಲ್ಮ್ ವೆಚ್ಚವಾಗುತ್ತಿತ್ತು. ಕಚ್ಚಾ ಫಿಲ್ಮ್, ಅದರ ಸಂಸ್ಕರಣೆ, ಪ್ರತಿ ತೆಗೆಸುವುದು ಇವುಗಳ ಮುಂದೆ ಕ್ಯಾಮೆರಾದ ಬಾಡಿಗೆ ಒಂದು ಸಣ್ಣ ಬಾಬತ್ತು. ಆ ಕಾರಣದಿಂದಲೂ ಕ್ಯಾಮೆರಾ ಕೊಂಡರೆ ಉಳಿತಾಯವಾಗುತ್ತದೆಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

2007ರಲ್ಲಿ ಅಮೆರಿಕದ ರೆಡ್ ಕಂಪನಿ ಸಿನಿಮಾ ಗುಣಮಟ್ಟದ ಡಿಜಿಟಲ್ ಕ್ಯಾಮೆರಾವನ್ನು 17,500 ಡಾಲರಿಗೆ ಮಾರಲು ಹೊರಟಿತು. ಮರುವರ್ಷ ಕ್ಯಾನನ್ ಕಂಪನಿಯ ‘5ಡಿ ಮಾರ್ಕ್ 2’ ಬಂತು. ಅದು ಸ್ಟಿಲ್ ಫೋಟೊ ತೆಗೆಯುವವರಿಗಾಗಿ ತಯಾರಾದ ಕ್ಯಾಮೆರಾ. ವಿಡಿಯೊ ಸೌಲಭ್ಯ ಜೊತೆಗೆ ಬಂದದ್ದು. ಆದರೆ ಆ ವಿಡಿಯೊದ ಸೊಗಸು ಕಂಡು ಜಗತ್ತಿನ ಎಲ್ಲೆಡೆ ಹೊಸಬರು ಅದನ್ನೇ ಹಿಡಿದು ಚಿತ್ರ ತೆಗೆಯಲು ನಿಂತರು. 2010ರಲ್ಲಿ ಆರಿ ಕಂಪನಿ ‘ಅಲೆಕ್ಸಾ’ ತಂದಿತು. ಆ ಹೊತ್ತಿಗೆ ರೀಲಿನ ಕ್ಯಾಮೆರಾಗಳ ತಯಾರಿಕೆ ನಿಲ್ಲುವ ಹಂತಕ್ಕೆ ಬಂದಿತ್ತು. ಫಿಲ್ಮಿನ ಖರ್ಚು ಮಾಯವಾದದ್ದರಿಂದ ಇಷ್ಟು ದಿನ ಮರೆಯಲ್ಲಿದ್ದ ಕ್ಯಾಮೆರಾ ಬಾಡಿಗೆ ಖರ್ಚಿನ ಪಟ್ಟಿಯಲ್ಲಿ ಎದ್ದು ಕಾಣತೊಡಗಿತು. ‘ದಿನಾ ಇಷ್ಟು ಕೊಡುವ ಬದಲು ಕೊಂಡೇ ಬಿಟ್ಟರೆ?’ ಎಂಬ ಮಾತು ಹುಟ್ಟಿದ್ದು ಆಗ.

ಮೇವು ತಿನ್ನುವ ಎತ್ತು

ಉಳಲಿ ಬಿಡಲಿ, ಹಟ್ಟಿಯಲ್ಲಿ ಕಟ್ಟಿದ ಎತ್ತಿಗೆ ಮೇವು ಹಾಕಲೇಬೇಕು. ಕೊಂಡ ಕ್ಯಾಮೆರಾವೂ ಹಾಗೆಯೇ. ಅದು ಬೀರುವಿನಲ್ಲಿದ್ದಾಗಲೂ ಬಡ್ಡಿ ತಿನ್ನುತ್ತಿರುತ್ತದೆ, ಬೆಲೆ ಇಳಿಯುತ್ತಿರುತ್ತದೆ. ಲೆಕ್ಕ ತಿಳಿಯಲು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಯಾವುದೇ ಅಂಗಡಿಯ ದರವಲ್ಲ, ಲೆಕ್ಕದ ದಾರಿ ತೋರಿಸಲು ಹಿಡಿದ ಅಂದಾಜು.

ಹೊಸದುರ್ಗದ ಯುವಕನೊಬ್ಬ ಕ್ಯಾಮೆರಾ ಮತ್ತು ಎರಡು ಲೆನ್ಸು ಸೇರಿ 4 ಲಕ್ಷ ರೂಪಾಯಿಗೆ ಕೊಳ್ಳುತ್ತಾನೆ ಎನ್ನಿ. ಮೂರು ವರ್ಷ ಬಳಸಿ ಮಾರಿದರೆ 1 ಲಕ್ಷ 60 ಸಾವಿರ ಬಂದೀತು. ಅಲ್ಲಿಗೆ ಸವಕಳಿ ವರ್ಷಕ್ಕೆ 80 ಸಾವಿರ. ಇಡೀ ಹಣ ಶೇ 12ರ ಬಡ್ಡಿಯ ಸಾಲವಾಗಿದ್ದು, ಮೂರು ವರ್ಷ ಕಂತಿನಲ್ಲಿ ತೀರಿಸಿದರೆ ಬಡ್ಡಿ ವರ್ಷಕ್ಕೆ ಸುಮಾರು 26 ಸಾವಿರ. ವಿಮೆ, ರಿಪೇರಿ, ಬ್ಯಾಟರಿ, ಕಾರ್ಡು ಎಂದು 14 ಸಾವಿರ ಹಿಡಿಯಬಹುದು. ಒಟ್ಟು ವರ್ಷಕ್ಕೆ 1 ಲಕ್ಷ 20 ಸಾವಿರ. ಇದೇ ಕ್ಯಾಮೆರಾ ದಿನಕ್ಕೆ 4 ಸಾವಿರದಂತೆ ಬಾಡಿಗೆಗೆ ಸಿಗುವುದಾದರೆ ಆ ಹಣಕ್ಕೆ 30 ದಿನ ತರಬಹುದು. ವರ್ಷದಲ್ಲಿ 30 ದಿನಕ್ಕಿಂತ ಹೆಚ್ಚು ಕೆಲಸವಿದ್ದರೆ ಕೊಳ್ಳುವುದು ಸರಿ, ಕಡಿಮೆಯಿದ್ದರೆ ಬಾಡಿಗೆ ಸರಿ.

ಆದರೆ ಇದು ಗಾಂಧಿನಗರದಲ್ಲಿ ಕುಳಿತು ಮಾಡುವ ಲೆಕ್ಕ. ಬೆಂಗಳೂರಿನಿಂದ ಹಿರಿಯೂರು ಸುಮಾರು 160 ಕಿ.ಮೀ., ಚಿತ್ರದುರ್ಗ 200 ಕಿ.ಮೀ.; ಹೊಸದುರ್ಗ, ಹೊಳಲ್ಕೆರೆಗಳು ಹೆದ್ದಾರಿಯಿಂದ ಇನ್ನೂ ಒಳಗೆ. ಬಾಡಿಗೆಯ ದಿನ ಎಣಿಕೆಯಾಗುವುದು ಕ್ಯಾಮೆರಾ ಓಡಿದ ಗಂಟೆಯಿಂದಲ್ಲ, ಅಂಗಡಿ ಬಿಟ್ಟ ಗಂಟೆಯಿಂದ. ಎರಡು ದಿನದ ಕೆಲಸಕ್ಕೆ ಹೋಗಿ ಬರುವುದೂ ಸೇರಿ ಮೂರು ದಿನದ ಬಾಡಿಗೆ 12 ಸಾವಿರ, ಓಡಾಟಕ್ಕೆ 2 ಸಾವಿರ. ಒಂದು ದಿನದ ಕೆಲಸಕ್ಕೆ 7 ಸಾವಿರ ಬಿದ್ದಂತಾಯಿತು. ಅಲ್ಲಿಗೆ 30 ದಿನದ ಗಡಿ 17 ದಿನಕ್ಕೆ ಇಳಿಯಿತು. ಬೆಂಗಳೂರಿನ ಹುಡುಗನಿಗೆ ಬಾಡಿಗೆ ಲಾಭವಾಗುವ ಕಡೆ ಹೊಸದುರ್ಗದ ಹುಡುಗನಿಗೆ ಕೊಳ್ಳುವುದೇ ಲಾಭವಾಗಬಹುದು. ಹಾಲಿವುಡ್‌ನವರು ಬಾಡಿಗೆ ಕೊಡುವಾಗ ನಮ್ಮವರೇಕೆ ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ. ನಗರದವರು ಬರೆದ ಸಲಹೆಗಳನ್ನು ಓದಿ ತೀರ್ಮಾನಿಸುವವರು ಈ ದೂರದ ಲೆಕ್ಕವನ್ನು ಮರೆಯುತ್ತಾರೆ.

ಉಳಿದರ್ಧ ಉತ್ತರ ಕ್ಯಾಮೆರಾದ ಗಾತ್ರದಲ್ಲಿದೆ. ಇದೇ ಲೆಕ್ಕವನ್ನು 60 ಲಕ್ಷದ ಸಿನಿಮಾ ಕ್ಯಾಮೆರಾಕ್ಕೆ ಹಚ್ಚಿ ನೋಡಬಹುದು. ಇದೇ ಪ್ರಮಾಣದಲ್ಲಿ ಸವಕಳಿ, ಬಡ್ಡಿ, ನಿರ್ವಹಣೆ ಸೇರಿ ವರ್ಷಕ್ಕೆ ಸುಮಾರು 18 ಲಕ್ಷ. ದಿನಬಾಡಿಗೆ 15 ಸಾವಿರವಿದ್ದರೆ ಗಡಿ 120 ದಿನ. ಒಂದು ಕಥಾಚಿತ್ರದ ಚಿತ್ರೀಕರಣ ಸಾಮಾನ್ಯವಾಗಿ 40ರಿಂದ 60 ದಿನಗಳಲ್ಲಿ ಮುಗಿಯುತ್ತದೆ. ವರ್ಷಕ್ಕೊಂದು ಚಿತ್ರ ತೆಗೆಯುವ ನಿರ್ಮಾಪಕ ಎಷ್ಟೇ ಶ್ರೀಮಂತನಾದರೂ ಅದನ್ನು ಕೊಂಡು ಗಿಟ್ಟಿಸಲಾರ. ಯೂನಿಟ್ ಮಾಲೀಕ ಗಿಟ್ಟಿಸಬಲ್ಲ. ಏಕೆಂದರೆ ಅವನ ಕ್ಯಾಮೆರಾ ಈ ತಿಂಗಳು ದುರ್ಗದ ಬಂಡೆಯ ಮೇಲಿದ್ದರೆ ಮುಂದಿನ ತಿಂಗಳು ಮಡಿಕೇರಿಯಲ್ಲಿರುತ್ತದೆ.

ಹೊಳಲ್ಕೆರೆ ಸೀಮೆಯ ಅಡಿಕೆ ಬೆಳೆಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸುಲಿಯುವ ಯಂತ್ರವನ್ನು ಪ್ರತಿ ಮನೆಯವರೂ ಕೊಳ್ಳುವುದಿಲ್ಲ. ಒಬ್ಬರು ಕೊಂಡು ಹತ್ತು ಮನೆಗೆ ಒಯ್ಯುತ್ತಾರೆ. ರಾಜ್ಯ ಸರ್ಕಾರ ‘ಕೃಷಿ ಯಂತ್ರಧಾರೆ’ ಯೋಜನೆಯಡಿ ಹೋಬಳಿಗಳಲ್ಲಿ ಯಂತ್ರಗಳ ಬಾಡಿಗೆ ಕೇಂದ್ರ ತೆರೆದದ್ದರ ಹಿಂದೆಯೂ ಇದೇ ವಿವೇಕ ಇತ್ತು. ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿತವರು ಸೀನರಿ, ಕಿರೀಟ, ಗದೆಗಳನ್ನು ಒಂದು ರಾತ್ರಿಗೆ ಬಾಡಿಗೆಗೆ ತರುತ್ತಾರೆಯೇ ಹೊರತು ಕೊಂಡು ಅಟ್ಟದ ಮೇಲೆ ಇಡುವುದಿಲ್ಲ.

ಮುಹೂರ್ತಕ್ಕೆ ಬಾಡಿಗೆ ಸಿಗದು

ಸರಾಸರಿ ದಿನಗಳ ಲೆಕ್ಕ ಹೇಳದೆ ಬಿಡುವ ಸಂಗತಿಯೂ ಒಂದಿದೆ. ತಾಲ್ಲೂಕು ಕೇಂದ್ರಗಳಲ್ಲಿ ಕ್ಯಾಮೆರಾಕ್ಕೆ ಅನ್ನ ಹಾಕುವುದು ಸಿನಿಮಾ ಅಲ್ಲ, ಮದುವೆ. ಮದುವೆಗಳು ವರ್ಷವಿಡೀ ಹರಡಿಕೊಂಡು ಬರುವುದಿಲ್ಲ. ವೈಶಾಖ, ಜ್ಯೇಷ್ಠಗಳಲ್ಲಿ ಒಂದೇ ಮುಹೂರ್ತಕ್ಕೆ ಊರಿನ ಎಲ್ಲ ಮಂಟಪಗಳೂ ತುಂಬಿರುತ್ತವೆ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮಂಟಪದ ಬಾಗಿಲು ತೆರೆಯುವವರಿಲ್ಲ. ಎಲ್ಲರಿಗೂ ಒಂದೇ ದಿನ ಬೇಕಾದ ವಸ್ತು ಬಾಡಿಗೆಗೆ ಸಿಗುವುದು ಕಷ್ಟ. ಸಿಕ್ಕರೂ ಆ ದಿನದ ದರವೇ ಬೇರೆ. ಹೀಗಾಗಿ ಲೆಕ್ಕದಲ್ಲಿ ಗಡಿಯ ಆಚೀಚೆ ಇದ್ದರೂ ಮದುವೆಯ ಛಾಯಾಗ್ರಾಹಕ ಕ್ಯಾಮೆರಾ ಕೊಳ್ಳಲೇಬೇಕಾಗುತ್ತದೆ. ಒಪ್ಪಿಕೊಂಡ ಮದುವೆಗೆ ಕ್ಯಾಮೆರಾ ಸಿಗಲಿಲ್ಲವೆಂದರೆ ಹೋಗುವುದು ಒಂದು ದಿನದ ಸಂಪಾದನೆಯಲ್ಲ, ಊರಿನಲ್ಲಿ ಗಳಿಸಿದ ಹೆಸರು.

ಕಿರುಚಿತ್ರ ತೆಗೆಯುವವರಿಗೆ ಇದೇ ಸಂಗತಿ ತಿರುವುಮುರುವಾಗಿ ಅನುಕೂಲ. ಆಷಾಢದಲ್ಲಿ ಸ್ಥಳೀಯ ಸ್ಟುಡಿಯೋಗಳ ಕ್ಯಾಮೆರಾಗಳು ಸುಮ್ಮನೆ ಕುಳಿತಿರುತ್ತವೆ. ಕೇಳಿದರೆ ಕಡಿಮೆ ದರಕ್ಕೆ ಕೊಡುವವರಿರುತ್ತಾರೆ. ರಾಜ್ಯದ ಬೇರೆಡೆ ಆ ತಿಂಗಳು ಮಳೆಯ ಭಯ. ಹಿರಿಯೂರಿನಂಥ ಕಡಿಮೆ ಮಳೆಯ ಸೀಮೆಯಲ್ಲಿ ಆ ಭಯ ಅಷ್ಟಿಲ್ಲ. ಇರುವುದು ಗಾಳಿಯ ಕಾಟ. ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿಯಲ್ಲಿ ಕ್ಯಾಮೆರಾದ ಮೇಲಿನ ಸಣ್ಣ ಮೈಕಿಗೆ ಕೇಳಿಸುವುದು ಬರೀ ‘ಭರ್’ ಎಂಬ ಸದ್ದು. ಹೊಸಬರ ಎಷ್ಟೋ ಕಿರುಚಿತ್ರಗಳಲ್ಲಿ ದೃಶ್ಯ ಕನ್ನಡಿಯಂತಿರುತ್ತದೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ಕ್ಯಾಮೆರಾಕ್ಕೆ ಲಕ್ಷಗಟ್ಟಲೆ ಸುರಿದು ಮೈಕಿಗೆ ಸಾವಿರ ರೂಪಾಯಿ ಹಾಕಲು ಹಿಂಜರಿಯುವುದು ವಿಚಿತ್ರವೇ ಸರಿ.

ಬುಕ್ ಮಾಡಿ ತರಲಾಗದ ದಿನಗಳೂ ಇವೆ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಮಾರಿಕಣಿವೆಯ ಅಂಥ ನೋಟವನ್ನು ಸಾಕ್ಷ್ಯಚಿತ್ರಕ್ಕಾಗಿ ಹಿಡಿಯಬೇಕೆಂದರೆ ಅವತ್ತು ಕೈಯಲ್ಲಿ ಕ್ಯಾಮೆರಾ ಇರಬೇಕು. ನೀರು ಬಾಡಿಗೆಯ ದಿನ ನೋಡಿ ಹರಿಯುವುದಿಲ್ಲ. ಹಳ್ಳಿಯ ಹಿರಿಯ ಹಾಡುಗಾರ್ತಿಯ ಪದಗಳನ್ನು ತಿಂಗಳುಗಟ್ಟಲೆ ಆಗಾಗ ಹೋಗಿ ಮುದ್ರಿಸಿಕೊಳ್ಳುವವರ ವಿಷಯದಲ್ಲೂ ಅಷ್ಟೇ. ಅಜ್ಜಿಗೆ ಹಾಡಬೇಕೆನ್ನಿಸಿದ ದಿನವೇ ಚಿತ್ರೀಕರಣದ ದಿನ. ಅಂಥವರಿಗೆ ಬಾಡಿಗೆಯ ಒಳ್ಳೆಯ ಕ್ಯಾಮೆರಾಕ್ಕಿಂತ ಸ್ವಂತದ ಸಾಧಾರಣ ಕ್ಯಾಮೆರಾ ಮೇಲು.

ಇದಕ್ಕೆ ಎದುರಾದ ಉದಾಹರಣೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿನ ‘ಶಿವಸಂಚಾರ’ 1997ರಿಂದ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತ ಬಂದ ತಂಡ. ತಿಂಗಳುಗಟ್ಟಲೆ ಸಂಚಾರದಲ್ಲಿರುವ ಅಂಥ ತಂಡಕ್ಕೆ ದೀಪ, ಪರದೆ, ಧ್ವನಿವರ್ಧಕಗಳನ್ನು ಪ್ರತಿ ಊರಿನಲ್ಲೂ ಬಾಡಿಗೆಗೆ ಹುಡುಕುತ್ತ ಕೂರುವುದು ಲೆಕ್ಕಕ್ಕೂ ಹೊಂದದು, ಕೆಲಸಕ್ಕೂ ಹೊಂದದು. ಆದರೆ ಅದೇ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಡೆಯುವ ವಾರ್ಷಿಕ ನಾಟಕೋತ್ಸವವನ್ನು ಚಿತ್ರೀಕರಿಸಬೇಕೆಂದರೆ ಮೂರು ಕೋನಗಳಲ್ಲಿ ಮೂರು ಕ್ಯಾಮೆರಾ ಬೇಕು. ಮೂರೂ ಒಂದೇ ಮಾದರಿಯವಾಗಿರದಿದ್ದರೆ ಸಂಕಲನದಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಕೂಡುವುದಿಲ್ಲ. ವರ್ಷಕ್ಕೆ ಕೆಲವೇ ದಿನದ ಈ ಕೆಲಸಕ್ಕೆ ಬಾಡಿಗೆಗಿಂತ ಬೇರೆ ದಾರಿಯಿಲ್ಲ. ಒಂದೇ ಹಳ್ಳಿ, ಒಂದೇ ಅಂಗಳ. ದೀಪಕ್ಕೆ ಒಂದು ಉತ್ತರ, ಕ್ಯಾಮೆರಾಕ್ಕೆ ಇನ್ನೊಂದು.

ಕೋಟೆಯಲ್ಲಿ ಚಿತ್ರೀಕರಣ ಮಾಡುವವರು ನೆನಪಿಡಬೇಕಾದ ವಿಷಯವೊಂದು ಬೇರೆಯೇ ಇದೆ. ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕ. ಸಿನಿಮಾ ಚಿತ್ರೀಕರಣಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು, ಶುಲ್ಕವೂ ಉಂಟು. ಅನುಮತಿ ಕೈಸೇರುವ ಮೊದಲೇ ಕ್ಯಾಮೆರಾ ತಂದು ಲಾಡ್ಜಿನಲ್ಲಿಟ್ಟರೆ ಕಾಗದ ಬರುವವರೆಗೆ ಬಾಡಿಗೆ ಏರುತ್ತಲೇ ಇರುತ್ತದೆ.

ಯಾವುದು ಸ್ವಂತ, ಯಾವುದು ಎರವಲು

ಅನುಭವಿಗಳು ಎಲ್ಲವನ್ನೂ ಕೊಳ್ಳುವುದಿಲ್ಲ, ಎಲ್ಲವನ್ನೂ ಬಾಡಿಗೆಗೂ ತರುವುದಿಲ್ಲ. ಬೇಗ ಹಳತಾಗುವುದನ್ನು ಬಾಡಿಗೆಗೆ ತಂದು, ನಿಧಾನವಾಗಿ ಹಳತಾಗುವುದನ್ನು ಕೊಳ್ಳುತ್ತಾರೆ. ಟ್ರೈಪಾಡ್, ದೀಪದ ಸ್ಟ್ಯಾಂಡು, ಒಳ್ಳೆಯ ಮೈಕು, ಲೆನ್ಸು ಇವು ಹತ್ತು ವರ್ಷ ಕಳೆದರೂ ಕೆಲಸಕ್ಕೆ ಬರುತ್ತವೆ. ಕ್ಯಾಮೆರಾ ಬಾಡಿ ಮಾತ್ರ ನಾಲ್ಕೈದು ವರ್ಷಗಳಲ್ಲಿ ಹಿಂದೆ ಬೀಳುತ್ತದೆ. ಆದ್ದರಿಂದ 4 ಲಕ್ಷದಲ್ಲಿ 3 ಲಕ್ಷವನ್ನು ಬಾಡಿಗೇ ಸುರಿದು, ಉಳಿದ ಹಣದಲ್ಲಿ ಅಗ್ಗದ ಲೆನ್ಸು ಕೊಳ್ಳುವುದು ಜಾಣತನವಲ್ಲ. ಜನ ಹೆಚ್ಚಾಗಿ ಮಾಡುವುದು ಮಾತ್ರ ಅದನ್ನೇ. ಅಂಗಡಿಯಲ್ಲಿ ಹೊಳೆಯುವುದು ಬಾಡಿಯೇ ತಾನೆ!

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ಬಾಡಿಯ ಶಟರ್ ಎಷ್ಟು ಸಾವಿರ ಬಾರಿ ಮಿಟುಕಿದೆ ಎಂಬ ಎಣಿಕೆಯನ್ನೂ ಕೇಳಬೇಕು. ಬಯಲುಸೀಮೆಯ ಧೂಳು ಸೆನ್ಸರಿಗೆ ಶತ್ರು. ರಥೋತ್ಸವದ ಗುಂಪಿನಲ್ಲಿ ನಿಂತು ಲೆನ್ಸ್ ಬದಲಿಸಿದವರ ಚಿತ್ರಗಳಲ್ಲಿ ಆಮೇಲೆ ಆಕಾಶದ ತುಂಬ ಚುಕ್ಕೆ. ಬಾಡಿಗೆಗೆ ತರುವವರು ಅಂಗಡಿಯಲ್ಲೇ ಪ್ರತಿ ಸಾಮಾನನ್ನೂ ಎಣಿಸಿ, ಗೀರು ಕಂಡಲ್ಲಿ ಫೋಟೊ ತೆಗೆದು, ಐದು ನಿಮಿಷ ಓಡಿಸಿ ನೋಡಿಯೇ ಹೊರಡುವುದು ಕ್ಷೇಮ. ಬೆಂಗಳೂರಿನಲ್ಲಿರುವವನು ಕೆಟ್ಟ ಬ್ಯಾಟರಿಯನ್ನು ಅರ್ಧ ಗಂಟೆಯಲ್ಲಿ ಬದಲಿಸಿಕೊಂಡು ಬಂದಾನು. ಹೊಳಲ್ಕೆರೆ ತಲುಪಿದ ಮೇಲೆ ಪೆಟ್ಟಿಗೆ ತೆರೆದು ನೋಡಿದವನಿಗೆ ಆ ದಿನ ಹೋದಂತೆಯೇ. ಠೇವಣಿ, ಗುರುತಿನ ಚೀಟಿ, ಒಡೆದರೆ ಯಾರ ಹೊಣೆ ಎಂಬ ಮಾತು ಕಾಗದದ ಮೇಲೆ ಇರಲಿ.

ಸಾಲ ಸಿಗುವುದು ಮೊದಲಿನಷ್ಟು ಕಷ್ಟವಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯಮಗಳಿಗೆ ಆಸ್ತಿ ಅಡವಿಲ್ಲದೆ ಸಾಲ ಕೊಡುವ ಅವಕಾಶವಿದ್ದು, ಫೋಟೊ ಸ್ಟುಡಿಯೋಗಳೂ ಅರ್ಜಿ ಹಾಕಬಹುದು. ಆದರೆ ಸಾಲದ ಕಂತಿಗೆ ಆಷಾಢವಿಲ್ಲ. ಮದುವೆಯಿಲ್ಲದ ತಿಂಗಳಿನಲ್ಲೂ ಅದು ಬರುತ್ತದೆ. ಕಂತಿನ ಅವಧಿ ಕ್ಯಾಮೆರಾದ ಆಯುಷ್ಯಕ್ಕಿಂತ ಉದ್ದವಾದರಂತೂ ಹಳೆಯದರ ಸಾಲ ತೀರುವ ಮುನ್ನ ಹೊಸದು ಕೊಳ್ಳಬೇಕಾಗಿ ಬರುತ್ತದೆ.

ಈ ಭಾಗದ ಹೊಲಗಳಲ್ಲಿ ಹಿಂದೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಒಂದೇ ಊರಿನ ಸ್ಟುಡಿಯೋಗಳವರು ಹೊಂದಿಕೊಂಡರೆ ಕ್ಯಾಮೆರಾಗಳಿಗೂ ಅದು ಒಗ್ಗುವ ಪದ್ಧತಿ. ನಾಲ್ವರು ಕೂಡಿ ಒಂದೇ ಕಂಪನಿಯ ಬಾಡಿಗಳನ್ನು ಕೊಂಡರೆ ಒಬ್ಬರ ಲೆನ್ಸು ಇನ್ನೊಬ್ಬರ ಬಾಡಿಗೆ ಕೂಡುತ್ತದೆ. ದುಬಾರಿ ಲೆನ್ಸೊಂದನ್ನು ನಾಲ್ವರೂ ಪಾಲು ಹಾಕಿ ಕೊಂಡು ಸರದಿಯಂತೆ ಒಯ್ಯಬಹುದು. ಮೂರು ಕ್ಯಾಮೆರಾದ ಕೆಲಸ ಬಂದಾಗ ಬೆಂಗಳೂರಿಗೆ ಫೋನ್ ಮಾಡುವ ಪ್ರಮೇಯವೂ ಇರುವುದಿಲ್ಲ. ಮುಹೂರ್ತದ ದಿನ ಮಾತ್ರ ಈ ಮುಯ್ಯಿ ನಡೆಯದು. ಅಂದು ಎಲ್ಲರ ಹೊಲವೂ ಒಟ್ಟಿಗೆ ಹದಕ್ಕೆ ಬಂದಿರುತ್ತದೆ.

ರೀಲಿನ ಕ್ಯಾಮೆರಾಗಳು ಈಗ ಬಹುಪಾಲು ಕಪಾಟು ಸೇರಿವೆ. ಅವುಗಳ ಜೊತೆಗಿದ್ದ ಲೆನ್ಸುಗಳ ಕಥೆ ಬೇರೆ. ಹೊಸ ಸೆನ್ಸರುಗಳು ಎಲ್ಲವನ್ನೂ ಅತಿ ಚೂಪಾಗಿ ತೋರಿಸುತ್ತವೆ ಎಂದು ಬೇಸರಗೊಂಡ ಛಾಯಾಗ್ರಾಹಕರು 1970ರ ದಶಕದ ಹಳೆಯ ಗಾಜನ್ನು ಹುಡುಕಿ, ನಡುವೆ ಒಂದು ಉಂಗುರ ಜೋಡಿಸಿ ಇಂದಿನ ಬಾಡಿಗೆ ಕೂರಿಸುತ್ತಿದ್ದಾರೆ. ‘ನಾಗರಹಾವು’ ಕಾಲದ ಲೆನ್ಸುಗಳು ಇಂದಿಗೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತಿವೆ.